ಸಣ್ಣ ಲಾರಿಯೋ, ದೊಡ್ಡ ಪಿಕಪ್ಪೋ? ಇಂಡಿಯಿಂದ ಮುದ್ದೇಬಿಹಾಳದವರೆಗೆ ನಿತ್ಯದ ಹೊರೆಯ ಲೆಕ್ಕ

ವಿಜಯಪುರ: ಇಂಡಿಯ ತೋಟವೊಂದರಿಂದ ಹದಿನೈದು ಚೀಲ ಲಿಂಬೆ ವಿಜಯಪುರದ ಮಾರುಕಟ್ಟೆಗೆ ತಲುಪಬೇಕಾದರೆ ಎಷ್ಟು ದೊಡ್ಡ ವಾಹನ ಬೇಕು? ಪ್ರಶ್ನೆ ಸರಳವಾಗಿ ಕಂಡರೂ ಇದಕ್ಕೆ ತಪ್ಪು ಉತ್ತರ ಕಂಡುಕೊಂಡ ಕುಟುಂಬ ಐದು ವರ್ಷ ಕಾಲ ಪ್ರತಿ ತಿಂಗಳು ಅದರ ಬೆಲೆ ತೆರಬೇಕಾಗುತ್ತದೆ. ವಾಹನ ಸಣ್ಣದಾದರೆ ಮಿತಿಮೀರಿದ ಹೊರೆ, ದಂಡ ಹಾಗೂ ಅಪಘಾತದ ಭಯ. ದೊಡ್ಡದಾದರೆ ಅರ್ಧ ಖಾಲಿ ಓಡುವ ವಾಹನಕ್ಕೆ ಪೂರ್ತಿ ಕಂತು.

ವಿಜಯಪುರ ಜಿಲ್ಲೆಯ ಇಂಡಿ, ಸಿಂದಗಿ, ಮುದ್ದೇಬಿಹಾಳ ಮತ್ತು ಬಸವನಬಾಗೇವಾಡಿ ಭಾಗಗಳಲ್ಲಿ ಈ ಆಯ್ಕೆ ಕೇವಲ ಅಭಿರುಚಿಯ ವಿಷಯವಲ್ಲ, ಜೀವನೋಪಾಯದ ವಿಷಯ. ಲಭ್ಯವಿರುವ ವಾಹನಗಳ ಸಾಮರ್ಥ್ಯ, ಖರ್ಚು, ಕಾನೂನಿನ ನಿಯಮ ಹಾಗೂ ಇಲ್ಲಿನ ರಸ್ತೆಗಳ ಸ್ವರೂಪವನ್ನು ಒಟ್ಟಿಗೆ ಇಟ್ಟು ನೋಡುವ ಪ್ರಯತ್ನ ಇಲ್ಲಿದೆ.

ನಾಲ್ಕು ಊರು, ನಾಲ್ಕು ಬಗೆಯ ಹೊರೆ

ಜಿಲ್ಲೆಯ ಉತ್ತರಕ್ಕೆ ಭೀಮಾ ನದಿ, ದಕ್ಷಿಣಕ್ಕೆ ಕೃಷ್ಣಾ, ನಡುವೆ ಡೋಣಿ. ಬಹುಪಾಲು ನೆಲ ಎರೆ ಭೂಮಿ. ಇಂಡಿಯ ಹೆಸರು ಲಿಂಬೆಯೊಂದಿಗೆ ಬೆರೆತಿದೆ. ಲಿಂಬೆ ಅಭಿವೃದ್ಧಿ ಮಂಡಳಿ ಇರುವುದು ಇಲ್ಲಿಯೇ. ಇಂಡಿ ಲಿಂಬೆಗೆ 2023ರಲ್ಲಿ ಭೌಗೋಳಿಕ ಸೂಚ್ಯಂಕದ ಮಾನ್ಯತೆಯೂ ದೊರೆತಿದೆ. ಸಿಂದಗಿಯಲ್ಲಿ ತೊಗರಿ, ಹತ್ತಿ, ಕಬ್ಬು ಮುಖ್ಯ. ಬಸವನಬಾಗೇವಾಡಿ ಭಾಗದಲ್ಲಿ ಈರುಳ್ಳಿ, ಜೋಳ. ಹಿಂದೆ ಇದೇ ತಾಲ್ಲೂಕಿನಲ್ಲಿದ್ದು ಈಗ ಪ್ರತ್ಯೇಕ ತಾಲ್ಲೂಕಾಗಿರುವ ಕೊಲ್ಹಾರದ ಗಡಿಗೆ ಮೊಸರು ಹೆಸರುವಾಸಿ. ಮುದ್ದೇಬಿಹಾಳದಲ್ಲಿ ತೊಗರಿ, ಕಡಲೆ, ಸೂರ್ಯಕಾಂತಿಯ ಜತೆಗೆ ಕಿರಾಣಿ ಹಾಗೂ ಕಟ್ಟಡ ಸಾಮಗ್ರಿಯ ಸಾಗಣೆ ಹೆಚ್ಚು.

ರೈಲಿನ ನೆರವು ಇಲ್ಲಿ ಸೀಮಿತ. ಸಿಂದಗಿ ಮತ್ತು ಮುದ್ದೇಬಿಹಾಳ ಪಟ್ಟಣಗಳಿಗೆ ರೈಲು ಮಾರ್ಗವಿಲ್ಲ. ಸೊಲ್ಲಾಪುರ-ಗದಗ ಮಾರ್ಗದಲ್ಲಿ 'ಇಂಡಿ ರೋಡ್', 'ಬಸವನಬಾಗೇವಾಡಿ ರೋಡ್' ಎಂಬ ನಿಲ್ದಾಣಗಳಿದ್ದರೂ ಹೆಸರೇ ಸೂಚಿಸುವಂತೆ ಊರುಗಳು ನಿಲ್ದಾಣದಿಂದ ದೂರದಲ್ಲಿವೆ. ಹೀಗಾಗಿ ಹೊಲದಿಂದ ಸಂತೆಗೆ, ಸಂತೆಯಿಂದ ಪೇಟೆಗೆ ಸರಕು ಸಾಗುವುದು ರಸ್ತೆಯ ಮೇಲೆಯೇ. ವಿಜಯಪುರಕ್ಕೆ ಬಸವನಬಾಗೇವಾಡಿಯಿಂದ ಸುಮಾರು 45 ಕಿ.ಮೀ., ಇಂಡಿಯಿಂದ ಸುಮಾರು 55, ಸಿಂದಗಿಯಿಂದ ಸುಮಾರು 60, ಮುದ್ದೇಬಿಹಾಳದಿಂದ ಸುಮಾರು 80 ಕಿ.ಮೀ. ಅಂತರವಿದೆ.

ಈ ಹೊರೆಗಳ ತೂಕವನ್ನು ಗಮನಿಸಬೇಕು. ಒಂದು ಲಿಂಬೆಹಣ್ಣು 40ರಿಂದ 50 ಗ್ರಾಂ ತೂಗುತ್ತದೆ ಎಂದು ಹಿಡಿದರೆ ಸಾವಿರ ಹಣ್ಣಿನ ಒಂದು ಚೀಲ 40ರಿಂದ 50 ಕೆ.ಜಿ. ಆಗುತ್ತದೆ. ಹದಿನೈದು ಚೀಲವೆಂದರೆ 600ರಿಂದ 750 ಕೆ.ಜಿ. ಐವತ್ತು ಕೆ.ಜಿ.ಯ ಹದಿನೈದು ಚೀಲ ಈರುಳ್ಳಿಯೂ ಅಷ್ಟೇ. ನಲವತ್ತು ಲೀಟರಿನ ಹಾಲಿನ ಕ್ಯಾನು ತುಂಬಿದಾಗ ಹೆಚ್ಚೂಕಡಿಮೆ 50 ಕೆ.ಜಿ. ಇರುವುದರಿಂದ ಹದಿನೈದು ಕ್ಯಾನಿನ ಲೆಕ್ಕವೂ ಅಲ್ಲಿಗೇ ಬಂದು ನಿಲ್ಲುತ್ತದೆ. ಸಣ್ಣ ಹಿಡುವಳಿದಾರನ ಅಥವಾ ಚಿಲ್ಲರೆ ವ್ಯಾಪಾರಿಯ ಒಂದು ದಿನದ ಹೊರೆ ಸಾಮಾನ್ಯವಾಗಿ ಮುಕ್ಕಾಲು ಟನ್ನಿನ ಆಸುಪಾಸಿನಲ್ಲಿರುತ್ತದೆ ಎಂಬುದೇ ಈ ಚರ್ಚೆಯ ತಿರುಳು.

2005ರ ಮೊದಲು ಮತ್ತು ನಂತರ

ಎರಡು ದಶಕಗಳ ಹಿಂದೆ ಈ ಹೊರೆಗೆ ಸರಿಹೊಂದುವ ನಾಲ್ಕು ಚಕ್ರದ ವಾಹನವೇ ಇರಲಿಲ್ಲ ಎನ್ನಬಹುದು. ಒಂದೆಡೆ ಈ ಭಾಗದಲ್ಲಿ 'ಟಂಟಂ' ಎಂದೇ ಕರೆಯಲಾಗುವ ಮೂರು ಚಕ್ರದ ವಾಹನ; ಇನ್ನೊಂದೆಡೆ 1986ರಲ್ಲಿ ಬಂದ ಟಾಟಾ 407ರಂಥ ಲಾರಿ. 1988ರಲ್ಲಿ ಟಾಟಾ ಮೊಬೈಲ್ 206 ಪಿಕಪ್ ಬಂದರೂ ಸಣ್ಣ ರೈತನ ಕೈಗೆ ಅದು ಎಟುಕಲಿಲ್ಲ.

2005ರ ಮೇ ತಿಂಗಳಲ್ಲಿ ಟಾಟಾ ಏಸ್ ಮಾರುಕಟ್ಟೆಗೆ ಬಂದಿತು. ಎರಡು ಸಿಲಿಂಡರಿನ 702 ಸಿ.ಸಿ. ಡೀಸೆಲ್ ಎಂಜಿನ್, 16 ಅಶ್ವಶಕ್ತಿ, ಮುಕ್ಕಾಲು ಟನ್ ಹೊರೆ, ಎರಡೂಕಾಲು ಲಕ್ಷ ರೂಪಾಯಿಯ ಆಸುಪಾಸಿನ ಬೆಲೆ. 'ಛೋಟಾ ಹಾಥಿ' ಎಂಬ ಅಡ್ಡಹೆಸರಿನಿಂದ ದೇಶದಾದ್ಯಂತ ಪರಿಚಿತವಾದ ಈ ವಾಹನದ ಮಾರಾಟ 2017ರ ವೇಳೆಗೆ 20 ಲಕ್ಷ ದಾಟಿತು. ಇದೇ ಕುಟುಂಬದ ಏಸ್ ಜಿಪ್, ಮ್ಯಾಜಿಕ್ ಐರಿಸ್ ವಾಹನಗಳು ನಮ್ಮದೇ ಧಾರವಾಡದ ಕಾರ್ಖಾನೆಯಿಂದಲೂ ಹೊರಬಂದವು. 2011ರಲ್ಲಿ ಅಶೋಕ್ ಲೇಲ್ಯಾಂಡ್ ದೋಸ್ತ್, 2015ರಲ್ಲಿ ಮಹೀಂದ್ರ ಜೀತೊ, 2016ರಲ್ಲಿ ಮಾರುತಿ ಸುಜುಕಿ ಸೂಪರ್ ಕ್ಯಾರಿ ಕಣಕ್ಕಿಳಿದವು. 2025ರ ಜೂನ್‌ನಲ್ಲಿ 3.99 ಲಕ್ಷ ರೂ. ಆರಂಭಿಕ ಬೆಲೆಯ ಏಸ್ ಪ್ರೊ ಬಂದಿತು. ಇದರ ಹೊರೆಯ ಮಿತಿಯೂ 750 ಕೆ.ಜಿ.

ದೊಡ್ಡ ಗಾತ್ರದ, ಐದು ಆಸನದ ಪಿಕಪ್‌ಗಳ ಕಥೆ ಬೇರೆ. 2007ರಲ್ಲಿ ಬಂದ ಮಹೀಂದ್ರ ಸ್ಕಾರ್ಪಿಯೊ ಗೆಟ್‌ಅವೇ ಈಗ ಮಾರುಕಟ್ಟೆಯಲ್ಲಿಲ್ಲ. 2016ರಲ್ಲಿ ಇಸುಜು ವಿ-ಕ್ರಾಸ್, 2022ರಲ್ಲಿ ಟೊಯೊಟಾ ಹೈಲಕ್ಸ್ ಬಂದವು. ಹೈಲಕ್ಸ್‌ನ ಆರಂಭಿಕ ಬೆಲೆ ಬಿಡುಗಡೆಯ ವೇಳೆ 33.99 ಲಕ್ಷ ರೂ. ಇತ್ತು.

ಉದ್ದವೆಷ್ಟು, ಹೊರೆಯೆಷ್ಟು?

ಕೊಳ್ಳುವವರ ಎದುರಿಗೆ ಇಂದು ಮುಖ್ಯವಾಗಿ ಮೂರು ವರ್ಗಗಳಿವೆ.

ಮೊದಲನೆಯದು ಮುಕ್ಕಾಲು ಟನ್ನಿನ ಸಣ್ಣ ಲಾರಿ. ಮೊದಲ ಏಸ್‌ನ ಉದ್ದ 3.8 ಮೀಟರ್, ಅಗಲ 1.5 ಮೀಟರ್. ಹೊರೆ ತುಂಬುವ ತಟ್ಟೆಯ ಉದ್ದ 2.2 ಮೀಟರ್. ಅಂದರೆ ವಾಹನದ ಅರ್ಧಕ್ಕಿಂತ ಹೆಚ್ಚು ಭಾಗ ಹೊರೆಗೇ ಮೀಸಲು. ಹೊರುವ ತೂಕವೂ ವಾಹನದ ಸ್ವಂತ ತೂಕದ ಸಮೀಪಕ್ಕೆ ಬರುತ್ತದೆ.

ಎರಡನೆಯದು ಸುಮಾರು 1.2 ಟನ್‌ನಿಂದ 2 ಟನ್‌ವರೆಗೆ ಹೊರುವ ದುಡಿಮೆಯ ಪಿಕಪ್. ಬೊಲೆರೊ ಪಿಕಪ್, ದೋಸ್ತ್, ಟಾಟಾ ಯೋಧ ಈ ಸಾಲಿನವು. ಬೊಲೆರೊ ಪಿಕಪ್‌ನ 1.7 ಟನ್ ಮಾದರಿಯ ತಟ್ಟೆ ಸುಮಾರು 9 ಅಡಿ ಉದ್ದವಿರುತ್ತದೆ.

ಮೂರನೆಯದು ಐದು ಜನ ಕೂರುವ ದೊಡ್ಡ ಪಿಕಪ್. ಹೈಲಕ್ಸ್‌ನ ಉದ್ದ 5.32 ಮೀಟರ್, ಅಗಲ 1.85 ಮೀಟರ್. ಏಸ್‌ಗಿಂತ ಒಂದೂವರೆ ಮೀಟರ್ ಉದ್ದವಾದರೂ ಅದರ ತಟ್ಟೆಯ ಉದ್ದ ಸುಮಾರು ಒಂದೂವರೆ ಮೀಟರ್ ಮಾತ್ರ. ಸ್ವಂತ ತೂಕ ಎರಡು ಟನ್ನಿನ ಮೇಲಿದ್ದರೂ ಭಾರತದ ಮಾದರಿಗೆ ನಿಗದಿಯಾದ ಹೊರೆ ಅರ್ಧ ಟನ್ನಿನ ಒಳಗೇ ಇದೆ. ಉಳಿದ ಜಾಗ ಮತ್ತು ಶಕ್ತಿಯನ್ನು ಆಸನ, ಹವಾನಿಯಂತ್ರಣ, ನಾಲ್ಕು ಚಕ್ರ ಚಾಲನೆ ಮತ್ತು ಸುರಕ್ಷತಾ ಸಾಧನಗಳಿಗೆ ಬಳಸಲಾಗಿದೆ. ಇದು ವಾಹನದ ದೋಷವಲ್ಲ, ಅದರ ಉದ್ದೇಶವೇ ಬೇರೆ. ಆದರೆ ಗಾತ್ರ ನೋಡಿ ಹೊರೆಯನ್ನು ಅಂದಾಜಿಸುವವರು ಇಲ್ಲಿ ಮೋಸಹೋಗುತ್ತಾರೆ.

ಇಂಧನದ ಲೆಕ್ಕ: ಅರ್ಧ ತಿಂಗಳ ಸೂತ್ರ

ಇಂಡಿಯಿಂದ ವಿಜಯಪುರಕ್ಕೆ ಹೋಗಿ ಬರುವ 110 ಕಿ.ಮೀ.ಯನ್ನೇ ಉದಾಹರಣೆಯಾಗಿ ತೆಗೆದುಕೊಳ್ಳೋಣ. ಸಣ್ಣ ಲಾರಿ ಲೀಟರಿಗೆ 18 ಕಿ.ಮೀ., ದುಡಿಮೆಯ ಪಿಕಪ್ 12 ಕಿ.ಮೀ. ಓಡುತ್ತವೆ ಎಂದು ಭಾವಿಸೋಣ.

ಹೊರೆ 600 ಕೆ.ಜಿ. ಇದ್ದ ದಿನ ಸಣ್ಣ ಲಾರಿಗೆ ಸುಮಾರು 6 ಲೀಟರ್ ಸಾಕು. ಪಿಕಪ್‌ಗೆ 9 ಲೀಟರಿಗೂ ತುಸು ಹೆಚ್ಚು ಬೇಕು. ಆದರೆ ಹೊರೆ ಒಂದೂವರೆ ಟನ್ ಇದ್ದ ದಿನ ಸಣ್ಣ ಲಾರಿ ಎರಡು ಬಾರಿ ಓಡಬೇಕು, 12 ಲೀಟರ್ ಸುಡಬೇಕು. ಪಿಕಪ್ ಅದೇ 9 ಲೀಟರಿನಲ್ಲಿ ಕೆಲಸ ಮುಗಿಸುತ್ತದೆ.

ತಿಂಗಳಿಗೆ 25 ದಿನದ ದುಡಿಮೆ ಎಂದುಕೊಂಡು, ಅದರಲ್ಲಿ ನಾಲ್ಕು ದಿನ ಮಾತ್ರ ದೊಡ್ಡ ಹೊರೆ ಇದ್ದರೆ ಸಣ್ಣ ಲಾರಿಯ ಇಂಧನ ಸುಮಾರು 177 ಲೀಟರ್, ಪಿಕಪ್‌ನದು ಸುಮಾರು 229 ಲೀಟರ್. ದೊಡ್ಡ ಹೊರೆಯ ದಿನಗಳು ಹನ್ನೆರಡನ್ನು ದಾಟಿದಾಗ ಎರಡರ ಖರ್ಚು ಸಮನಾಗಿ, ಅನಂತರ ಪಿಕಪ್ಪೇ ಅಗ್ಗವಾಗುತ್ತದೆ. ಅಂದರೆ ದುಡಿಮೆಯ ದಿನಗಳಲ್ಲಿ ಅರ್ಧಕ್ಕಿಂತ ಹೆಚ್ಚು ದಿನ ಮುಕ್ಕಾಲು ಟನ್ ಮೀರಿದ ಹೊರೆ ಇರುವವರಿಗೆ ಪಿಕಪ್ ಸರಿ. ಉಳಿದವರಿಗೆ ಸಣ್ಣ ಲಾರಿಯೇ ಸರಿ. ಅವರವರ ವಾಹನದ ಮೈಲೇಜಿಗೆ ಅನುಗುಣವಾಗಿ ಅಂಕಿಗಳು ಬದಲಾದರೂ ಲೆಕ್ಕ ಹಾಕುವ ವಿಧಾನ ಇದೇ.

ಕಂತು ಮತ್ತು ವಿಮೆ

ಶೇ 10ರ ಬಡ್ಡಿಗೆ ಐದು ವರ್ಷದ ಸಾಲ ಪಡೆದರೆ 4 ಲಕ್ಷ ರೂ.ಗೆ ತಿಂಗಳ ಕಂತು ಸುಮಾರು 8,500 ರೂ., 10 ಲಕ್ಷಕ್ಕೆ ಸುಮಾರು 21,250 ರೂ., 30 ಲಕ್ಷಕ್ಕೆ ಸುಮಾರು 63,750 ರೂ. ಆಗುತ್ತದೆ. ಸರಕು ಸಾಗಣೆ ವಾಹನಗಳ ಮೇಲಿನ ಜಿ.ಎಸ್.ಟಿ. 2025ರ ಸೆಪ್ಟೆಂಬರ್ 22ರಿಂದ ಶೇ 28ರಿಂದ ಶೇ 18ಕ್ಕೆ ಇಳಿದಿರುವುದು ಕೊಳ್ಳುವವರಿಗೆ ತುಸು ನೆಮ್ಮದಿ ತಂದಿದೆ.

ಮಳೆ ನಂಬಿದ ಜಿಲ್ಲೆಯಲ್ಲಿ ಕಂತಿನ ಪ್ರಶ್ನೆ ಇನ್ನಷ್ಟು ಗಂಭೀರ. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳ ಪೈಕಿ 223 ಬರಪೀಡಿತವೆಂದು ಘೋಷಣೆಯಾದವು. ಅಂಥ ವರ್ಷ ಸಾಗಿಸಲು ಹೊರೆ ಇರುವುದಿಲ್ಲ. ಕಂತು ಮಾತ್ರ ನಿಲ್ಲುವುದಿಲ್ಲ. ಆದ್ದರಿಂದ ಒಳ್ಳೆಯ ಬೆಳೆಯ ವರ್ಷದ ಆದಾಯ ನೋಡಿ ಸಾಲದ ಮೊತ್ತ ನಿರ್ಧರಿಸುವುದಕ್ಕಿಂತ, ಕೈಕೊಟ್ಟ ವರ್ಷದಲ್ಲಿ ಎಷ್ಟು ಕಟ್ಟಬಲ್ಲೆವೆಂದು ಯೋಚಿಸುವುದು ಕ್ಷೇಮ.

ವಿಮೆಯ ವಿಷಯದಲ್ಲಿ ಮಾತ್ರ ಸಣ್ಣ ಲಾರಿಗೆ ಅನುಕೂಲವಿಲ್ಲ. 2022ರಲ್ಲಿ ನಿಗದಿಯಾದ ದರದಂತೆ ಬಾಡಿಗೆಗೆ ಓಡುವ, ಒಟ್ಟು ತೂಕ 7,500 ಕೆ.ಜಿ. ಮೀರದ ನಾಲ್ಕು ಚಕ್ರದ ಸರಕು ವಾಹನಗಳಿಗೆಲ್ಲ ಮೂರನೇ ವ್ಯಕ್ತಿ ವಿಮೆಯ ಮೂಲ ಕಂತು ವರ್ಷಕ್ಕೆ ಒಂದೇ, 16,049 ರೂ. ಮುಕ್ಕಾಲು ಟನ್ ಹೊರುವವನೂ ಎರಡು ಟನ್ ಹೊರುವವನೂ ಕಟ್ಟಬೇಕಾದ ಮೊತ್ತ ಅಷ್ಟೇ.

ಸಣ್ಣ ಲಾರಿಯ ಮಿತಿಗಳು

ಸಣ್ಣದೆಲ್ಲವೂ ಒಳ್ಳೆಯದೆಂದು ಹೇಳುವಂತಿಲ್ಲ. ಮೊದಲ ಅಡಚಣೆ ಎರೆ ಮಣ್ಣಿನದು. ಮಳೆ ಬಿದ್ದ ಮೇಲೆ ಹೊಲದ ದಾರಿಯಲ್ಲಿ ಹನ್ನೆರಡು ಇಂಚಿನ ಚಕ್ರಗಳು ಹೂತು ನಿಲ್ಲುತ್ತವೆ. ನಾಲ್ಕು ಚಕ್ರ ಚಾಲನೆಯ ದೊಡ್ಡ ಪಿಕಪ್‌ಗೆ ಇಲ್ಲಿ ನಿಜವಾದ ಮೇಲುಗೈ ಇದೆ. ಆದರೆ ವರ್ಷದ ಕೆಲವೇ ವಾರಗಳ ಈ ಕಷ್ಟಕ್ಕೆ ಊರಿನಲ್ಲಿ ಈಗಾಗಲೇ ಪರಿಹಾರವಿದೆ. ಹೊಲದಿಂದ ಡಾಂಬರು ರಸ್ತೆಯವರೆಗೆ ಟ್ರ್ಯಾಕ್ಟರ್, ಅಲ್ಲಿಂದ ಮುಂದಕ್ಕೆ ಸಣ್ಣ ಲಾರಿ ಎಂಬ ವ್ಯವಸ್ಥೆ ಸಾಕಾಗುತ್ತದೆ.

ಎರಡನೆಯದು ಹೆದ್ದಾರಿ. ಸೊಲ್ಲಾಪುರ-ವಿಜಯಪುರ-ಹುಬ್ಬಳ್ಳಿ ನಡುವಿನ ರಾಷ್ಟ್ರೀಯ ಹೆದ್ದಾರಿ 52, ಸಿಂದಗಿಯ ಮೂಲಕ ಹಾಯುವ ಹೆದ್ದಾರಿ 50ರಲ್ಲಿ ಇತರ ವಾಹನಗಳು ವೇಗವಾಗಿ ಓಡುವಾಗ ತುಂಬಿದ ಸಣ್ಣ ಲಾರಿ ನಿಧಾನವಾಗಿ ಸಾಗಬೇಕು. ಚಾಲಕನ ಮುಂದೆ ಉದ್ದನೆಯ ಬಾನೆಟ್ ಇಲ್ಲದ ಕಾರಣ ಮುಖಾಮುಖಿ ಡಿಕ್ಕಿಯಾದರೆ ಪೆಟ್ಟು ನೇರವಾಗಿ ಅವನ ಕಾಲಿಗೆ ಬರುತ್ತದೆ. ವಾರಕ್ಕೆ ಹಲವು ಬಾರಿ ಸೊಲ್ಲಾಪುರಕ್ಕೋ ಹುಬ್ಬಳ್ಳಿಗೋ ಹೋಗುವವರಿಗೆ ದುಡಿಮೆಯ ಪಿಕಪ್ ಹೆಚ್ಚು ಸೂಕ್ತ.

ಮೂರನೆಯದು ಹತ್ತಿ, ಕಣಿಕೆಯಂಥ ಹಗುರ ಆದರೆ ಹರವಾದ ಹೊರೆ. ಇಲ್ಲಿ ತೂಕಕ್ಕಿಂತ ಮೊದಲು ಜಾಗ ತುಂಬುತ್ತದೆ. ಎತ್ತರಕ್ಕೆ ಪೇರಿಸಿದರೆ ಕಿರಿದಾದ ವಾಹನ ತಿರುವಿನಲ್ಲಿ ಮಗುಚುವ ಅಪಾಯವಿದೆ.

ಇದಕ್ಕೆ ವಿರುದ್ಧವಾಗಿ ಸಂತೆಯ ಓಣಿಯಲ್ಲಿ, ಅಗಸಿಯ ಬಾಗಿಲಲ್ಲಿ, ಕಿರಾಣಿ ಅಂಗಡಿಯ ಮುಂದೆ ಒಂದೂವರೆ ಮೀಟರ್ ಅಗಲದ ವಾಹನಕ್ಕೆ ಸಮನಾದದ್ದು ಇಲ್ಲ. ಚಾಲಕನಿಗೆ ವಾಹನದ ಮುಂದಿನ ನೆಲ ಹತ್ತಿರದಿಂದಲೇ ಕಾಣುತ್ತದೆ. ಎತ್ತರದ ಬಾನೆಟ್‌ನ ಕುರಿತು ಅಮೆರಿಕದ ಹೆದ್ದಾರಿ ಸುರಕ್ಷತಾ ವಿಮಾ ಸಂಸ್ಥೆ 2023ರಲ್ಲಿ ಪ್ರಕಟಿಸಿದ ಅಧ್ಯಯನ ಇಲ್ಲಿ ಗಮನಾರ್ಹ. ಬಾನೆಟ್ 30 ಇಂಚು ಅಥವಾ ಕಡಿಮೆ ಎತ್ತರವಿದ್ದು ಇಳಿಜಾರಾಗಿರುವ ವಾಹನಗಳಿಗೆ ಹೋಲಿಸಿದರೆ, 40 ಇಂಚಿಗಿಂತ ಎತ್ತರವಿರುವ ವಾಹನಗಳು ಡಿಕ್ಕಿಯಾದಾಗ ಪಾದಚಾರಿ ಸಾಯುವ ಸಂಭವ ಸುಮಾರು ಶೇ 45ರಷ್ಟು ಹೆಚ್ಚೆಂದು ಅದು ಕಂಡುಕೊಂಡಿತು.

ಕಾನೂನು ಏನು ಹೇಳುತ್ತದೆ?

ಪರವಾನಗಿ: ಮೋಟಾರು ವಾಹನ ಕಾಯ್ದೆಯ 66ನೇ ಕಲಮಿನಂತೆ ಹೊರೆಯೂ ಸೇರಿ ಒಟ್ಟು ತೂಕ 3,000 ಕೆ.ಜಿ. ಮೀರದ ಸರಕು ವಾಹನಕ್ಕೆ ಪರ್ಮಿಟ್ ಬೇಕಿಲ್ಲ. ಮುಕ್ಕಾಲು ಟನ್ನಿನ ಎಲ್ಲ ಸಣ್ಣ ಲಾರಿಗಳೂ ಈ ಮಿತಿಯೊಳಗೇ ಬರುತ್ತವೆ. ಪಿಕಪ್‌ಗಳಲ್ಲಿ ಕೆಲವು ಒಳಗೆ, ಕೆಲವು ಹೊರಗೆ ಇರುವುದರಿಂದ ಕೊಳ್ಳುವ ಮೊದಲು ನೋಂದಣಿಯ ತೂಕ ಪರಿಶೀಲಿಸಬೇಕು.

ಚಾಲನಾ ಲೈಸೆನ್ಸ್: ಲಘು ಮೋಟಾರು ವಾಹನದ ಲೈಸೆನ್ಸ್ ಉಳ್ಳವರು 7,500 ಕೆ.ಜಿ.ಗಿಂತ ಕಡಿಮೆ ತೂಕದ ಸಾರಿಗೆ ವಾಹನವನ್ನೂ ಓಡಿಸಬಹುದೆಂದು 2017ರಲ್ಲಿ ಸುಪ್ರೀಂ ಕೋರ್ಟ್ ನೀಡಿದ್ದ ತೀರ್ಪನ್ನು 2024ರ ನವೆಂಬರ್ 6ರಂದು ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠ ಎತ್ತಿಹಿಡಿದಿದೆ.

ಅರ್ಹತಾ ಪತ್ರ: ಹಳದಿ ಫಲಕದ ವಾಹನಕ್ಕೆ ಎಂಟು ವರ್ಷದವರೆಗೆ ಎರಡು ವರ್ಷಕ್ಕೊಮ್ಮೆ, ಅನಂತರ ಪ್ರತಿ ವರ್ಷ ಅರ್ಹತಾ ಪತ್ರ ಪಡೆಯಬೇಕು.

ಮಿತಿಮೀರಿದ ಹೊರೆ: 2019ರ ತಿದ್ದುಪಡಿಯ ನಂತರ ಕಾಯ್ದೆಯ 194ನೇ ಕಲಮಿನಲ್ಲಿ 20,000 ರೂ. ದಂಡ, ಜತೆಗೆ ಹೆಚ್ಚುವರಿ ಪ್ರತಿ ಟನ್ನಿಗೆ 2,000 ರೂ. ವಿಧಿಸಲು ಅವಕಾಶವಿದೆ. ಹೆಚ್ಚಿನ ಸರಕು ಇಳಿಸುವ ಖರ್ಚೂ ಮಾಲೀಕನದೇ.

ಹೊರೆಯ ಜಾಗದಲ್ಲಿ ಜನ

ಈ ಲೆಕ್ಕಗಳಿಗೆಲ್ಲ ಮಿಗಿಲಾದ ಇನ್ನೊಂದು ಸಂಗತಿಯಿದೆ. ಕಳೆ, ಕೊಯ್ಲು, ಬಿಡಿಸುವಿಕೆಯ ಕಾಲದಲ್ಲಿ ಕೂಲಿಕಾರರನ್ನು, ಜಾತ್ರೆ ಮದುವೆಗಳಿಗೆ ಬಂಧುಗಳನ್ನು ಸರಕು ವಾಹನದ ತಟ್ಟೆಯಲ್ಲಿ ಕೂರಿಸಿ ಒಯ್ಯುವುದು ಉತ್ತರ ಕರ್ನಾಟಕದಲ್ಲಿ ಸಾಮಾನ್ಯ ದೃಶ್ಯ. ಇಪ್ಪತ್ತು ಜನ ಸರಾಸರಿ 50 ಕೆ.ಜಿ. ತೂಗಿದರೂ ಒಂದು ಟನ್ ಆಯಿತು. ಸಣ್ಣ ಲಾರಿಯ ಮಿತಿ ಅಲ್ಲಿಗೆ ಮುರಿದುಬಿತ್ತು. ಚೀಲಗಳು ಕದಲದೆ ಇರುತ್ತವೆ. ನಿಂತ ಜನ ತಿರುವಿನಲ್ಲಿ ಒಂದೇ ಕಡೆಗೆ ವಾಲುತ್ತಾರೆ.

ಅಪಘಾತವಾದರೆ ವಿಮೆಯ ನೆರವೂ ಖಚಿತವಿಲ್ಲ. ಸರಕು ವಾಹನದಲ್ಲಿ ಸುಮ್ಮನೆ ಹತ್ತಿಸಿಕೊಂಡ ಪ್ರಯಾಣಿಕರಿಗೆ ಕಡ್ಡಾಯ ವಿಮೆಯ ರಕ್ಷಣೆ ಅನ್ವಯಿಸುವುದಿಲ್ಲವೆಂದು ಆಶಾರಾಣಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2002ರಲ್ಲಿಯೇ ಹೇಳಿದೆ. ಸರಕಿನ ಮಾಲೀಕ ಅಥವಾ ಅವನ ಅಧಿಕೃತ ಪ್ರತಿನಿಧಿಗೆ ಮಾತ್ರ ಕಾನೂನಿನಲ್ಲಿ ಸ್ಥಾನವಿದೆ. ಕೂಲಿಕಾರರನ್ನು ನಿತ್ಯವೂ ಒಯ್ಯಬೇಕಾದವರಿಗೆ ಸಣ್ಣ ಲಾರಿಯೂ ಸರಿಯಲ್ಲ, ದೊಡ್ಡ ಪಿಕಪ್ಪೂ ಸರಿಯಲ್ಲ. ಅದಕ್ಕೆ ಕ್ರೂಸರ್‌ನಂಥ ಪ್ರಯಾಣಿಕ ವಾಹನವೇ ಬೇಕು.

ಬೇರೆ ದೇಶಗಳಲ್ಲಿ

ಸಣ್ಣ-ದೊಡ್ಡ ವಾಹನಗಳ ಈ ಚರ್ಚೆ ನಮ್ಮಲ್ಲಿ ಮಾತ್ರ ಇಲ್ಲ. ಜಪಾನಿನಲ್ಲಿ 'ಕೇ' ವರ್ಗದ ಸಣ್ಣ ಲಾರಿಗಳಿಗೆ 660 ಸಿ.ಸಿ. ಎಂಜಿನ್, 3.4 ಮೀಟರ್ ಉದ್ದ, 1.48 ಮೀಟರ್ ಅಗಲ ಹಾಗೂ 350 ಕೆ.ಜಿ. ಹೊರೆಯ ಮಿತಿ ಇದೆ. ಅಲ್ಲಿನ ರೈತರ ನಿತ್ಯದ ವಾಹನ ಅದೇ. ಅಮೆರಿಕದಲ್ಲಿ ಹೆಚ್ಚು ಮಾರಾಟವಾಗುವ ಪಿಕಪ್‌ಗಳಲ್ಲೊಂದಾದ ಫೋರ್ಡ್ ಎಫ್-150ರ ನಾಲ್ಕು ಬಾಗಿಲಿನ ಮಾದರಿ ಸುಮಾರು 5.9 ಮೀಟರ್ ಉದ್ದವಿದೆ. ಆಮದು ಲಾರಿಗಳ ಮೇಲೆ ಆ ದೇಶ 1964ರಿಂದ ವಿಧಿಸುತ್ತ ಬಂದಿರುವ ಶೇ 25ರ ಸುಂಕ ಸಣ್ಣ ಲಾರಿಗಳು ಅಲ್ಲಿಗೆ ಬಾರದಿರಲು ಒಂದು ಕಾರಣ. ಇಪ್ಪತ್ತೈದು ವರ್ಷ ಹಳೆಯ ವಾಹನಗಳಿಗೆ ಆಮದು ನಿಯಮದಲ್ಲಿ ವಿನಾಯಿತಿ ಇರುವುದರಿಂದ ಅಲ್ಲಿನ ಕೆಲವು ರೈತರು, ಸಣ್ಣ ಉದ್ಯಮಿಗಳು ಈಗ ಜಪಾನಿನ ಹಳೆಯ ಕೇ ಲಾರಿಗಳನ್ನೇ ತರಿಸಿಕೊಳ್ಳುತ್ತಿದ್ದಾರೆ. ಅವರು ಹುಡುಕಿ ತರುವಂಥದ್ದು ನಮ್ಮ ತಾಲ್ಲೂಕು ಕೇಂದ್ರಗಳಲ್ಲಿ ಹೊಸದಾಗಿಯೇ ಸಿಗುತ್ತದೆ.

ಕೊಳ್ಳುವ ಮುನ್ನ

* ಒಂದು ತಿಂಗಳು ದಿನವೂ ಸಾಗಿಸಿದ ಹೊರೆಯ ತೂಕ ಮತ್ತು ದೂರವನ್ನು ಬರೆದಿಡಿ. ಸುಗ್ಗಿಯ ತಿಂಗಳೊಂದನ್ನೇ ಆರಿಸಬೇಡಿ.

* ಮುಕ್ಕಾಲು ಟನ್ ಮೀರಿದ ದಿನಗಳು ಅರ್ಧಕ್ಕಿಂತ ಕಡಿಮೆಯಿದ್ದರೆ ಸಣ್ಣ ಲಾರಿ ಕೊಂಡು, ಹೆಚ್ಚಿನ ಹೊರೆಯ ದಿನ ದೊಡ್ಡದನ್ನು ಬಾಡಿಗೆಗೆ ಪಡೆಯಿರಿ.

* ತಟ್ಟೆಯ ಉದ್ದ ಹಾಗೂ ನೋಂದಣಿ ಪತ್ರದಲ್ಲಿರುವ ತೂಕ ನೋಡಿ, ಬಾನೆಟ್‌ನ ಎತ್ತರವನ್ನಲ್ಲ.

* ವಿದ್ಯುತ್ ಚಾಲಿತ ಲಾರಿ ಕೊಳ್ಳುವವರು ಪ್ರಮಾಣೀಕೃತ ದೂರವನ್ನೇ ನಂಬಬಾರದು. 2022ರಲ್ಲಿ ಬಂದ ಏಸ್ ವಿದ್ಯುತ್ ಮಾದರಿಯ ಪ್ರಮಾಣೀಕೃತ ದೂರ 154 ಕಿ.ಮೀ.; ತುಂಬಿದ ಹೊರೆ ಮತ್ತು ಬೇಸಿಗೆಯ ಬಿಸಿಲಿನಲ್ಲಿ ಅದು ತಗ್ಗುತ್ತದೆ. ಬಸವನಬಾಗೇವಾಡಿಯಿಂದ ವಿಜಯಪುರಕ್ಕೆ ಹೋಗಿ ಬರಲು ಅದು ಸಾಕಾದೀತು, ಮುದ್ದೇಬಿಹಾಳದಿಂದ ಕಷ್ಟ.

* ಕುಟುಂಬದ ಪ್ರಯಾಣ ಮತ್ತು ಸರಕಿನ ದುಡಿಮೆ ಎರಡನ್ನೂ ಒಂದೇ ವಾಹನದಲ್ಲಿ ಮುಗಿಸುವ ಆಸೆಯೇ ದೊಡ್ಡ ಪಿಕಪ್‌ನತ್ತ ಸೆಳೆಯುತ್ತದೆ. ಅದೇ ಹಣದಲ್ಲಿ ಒಂದು ಸಣ್ಣ ಲಾರಿ ಮತ್ತು ಒಂದು ಕಾರು ಕೊಂಡರೂ ಉಳಿತಾಯವಾಗುತ್ತದೆ ಎಂಬುದನ್ನು ಲೆಕ್ಕ ಹಾಕಿ ನೋಡಿ.

ಕೆಎ-28 ಫಲಕ ಹೊತ್ತ ಸಣ್ಣ ಲಾರಿಗಳು ನಸುಕಿನಲ್ಲಿ ಲಿಂಬೆ, ಈರುಳ್ಳಿ, ಹಾಲು ಹೊತ್ತು ವಿಜಯಪುರದತ್ತ ಸಾಗುತ್ತವೆ. ಅವುಗಳ ಮಾಲೀಕರಲ್ಲಿ ಅನೇಕರಿಗೆ ಅದೇ ಮೊದಲ ನಾಲ್ಕು ಚಕ್ರದ ವಾಹನ, ಅದೇ ಮೊದಲ ದೊಡ್ಡ ಸಾಲ. ವರ್ಷದಲ್ಲಿ ಹತ್ತು ದಿನ ಬರುವ ದೊಡ್ಡ ಹೊರೆಗಾಗಿ ವರ್ಷವಿಡೀ ಕಂತು ಕಟ್ಟಬೇಕೇ ಎಂಬ ಪ್ರಶ್ನೆಯನ್ನು ಷೋರೂಮಿಗೆ ಹೋಗುವ ಮೊದಲೇ ಮನೆಯಲ್ಲಿ ಕುಳಿತು ಕೇಳಿಕೊಂಡರೆ, ಆ ಸಾಲ ಹೊರೆಯಾಗದೆ ಆಸರೆಯಾಗುವ ಸಾಧ್ಯತೆ ಹೆಚ್ಚು.